ಶಾಲೆಯ ಮಕ್ಕಳೂ ಸ್ಥೂಲಕಾಯವೂ

ಮಗು ದುಂಡಗಿದ್ದರೆ ಮನೆಯಲ್ಲಿ ಸಮೃದ್ಧಿಯಿದೆಯೆಂದು ನಮ್ಮ ಜನರು ಎಣಿಸುತ್ತ ಬಂದಿರುವರು. ಬರಗಾಲಗಳನ್ನು ಕಂಡ ನಾಡಿನಲ್ಲಿ ಈ ಎಣಿಕೆಯು ಹುಟ್ಟಿದುದು ಸಹಜವೇ. ಆದರೆ ಅದನ್ನು ಇನ್ನು ಕೈಬಿಡಬೇಕೆಂದು ಹೇಳದೆ ವಿಧಿಯಿಲ್ಲ. ವಿಶ್ವಸಂಸ್ಥೆಯ ಮಕ್ಕಳ ನಿಧಿಯವರು ೨೦೨೫ನೆಯ ಇಸವಿ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವರದಿಯಂತೆ, ಲೋಕದಲ್ಲಿ ೫ರಿಂದ ೧೯ ವರ್ಷದ ವಯಸ್ಸಿನವರಲ್ಲಿ ನೂರಕ್ಕೆ ೯.೪ ಮಂದಿ ಸ್ಥೂಲಕಾಯರು, ೯.೨ ಮಂದಿ ತೂಕ ಸಾಲದವರು. ೨೦೦೦ನೆಯ ಇಸವಿಯಲ್ಲಿ ಸ್ಥೂಲರು ನೂರಕ್ಕೆ ಮೂವರು, ತೂಕ ಸಾಲದವರು ಹೆಚ್ಚುಕಡಮೆ ಹದಿಮೂವರು. ಹಸಿವಿನ ತಕ್ಕಡಿ ಹೀಗೆ ಮಗುಚಿಕೊಂಡುದು ಇದೇ ಮೊದಲು.

ದಕ್ಷಿಣ ಏಷ್ಯವು ಈ ಲೆಕ್ಕಕ್ಕೆ ಹೊರತು. ನಮ್ಮಲ್ಲಿ ಈಗಲೂ ಬಡಕಲು ಮಕ್ಕಳೇ ಹೆಚ್ಚು. ಇಷ್ಟನ್ನೇ ಹಿಡಿದು, ಇದು ಶ್ರೀಮಂತ ದೇಶಗಳ ವ್ಯಾಧಿ, ನಮಗೇತಕ್ಕೆ ಈ ಚಿಂತೆ ಎನ್ನುವವರುಂಟು. ಅಂಥವರು ಕೇಂದ್ರ ಸರ್ಕಾರದವರು ೨೦೧೬-೧೮ರಲ್ಲಿ ನಡೆಸಿದ ಪೋಷಣಾ ಸಮೀಕ್ಷೆಯನ್ನು ಓದಲಿ. ೫ರಿಂದ ೯ ವರ್ಷದ ಮಕ್ಕಳಲ್ಲಿ ನೂರಕ್ಕೆ ೨೩ ಮಂದಿ ಕೃಶರು, ೪ ಮಂದಿ ಮಾತ್ರ ಅತಿತೂಕದವರು. ಆದರೆ ಅದೇ ಸಮೀಕ್ಷೆಯಲ್ಲಿ ರಕ್ತವನ್ನು ಪರೀಕ್ಷಿಸಲಾಗಿ, ಆ ಪ್ರಾಯದ ಹತ್ತು ಮಕ್ಕಳಲ್ಲಿ ಒಬ್ಬರು ಮಧುಮೇಹದ ಹೊಸ್ತಿಲಲ್ಲಿ ನಿಂತಿರುವುದು ಕಂಡುಬಂದಿತು. ಐದು ವರ್ಷದೊಳಗಿನ ಶಿಶುಗಳಲ್ಲಿ ಅತಿತೂಕದವರು ೨೦೦೫-೦೬ರಲ್ಲಿ ನೂರಕ್ಕೆ ೧.೫ ಇದ್ದವರು ೨೦೧೯-೨೧ರ ವೇಳೆಗೆ ೩.೪ ಆದರು. ಆಗ ತೂಗಿದ ಶಿಶುಗಳೇ ಇಂದು ಪ್ರಾಥಮಿಕ ಶಾಲೆಯ ಬೆಂಚುಗಳ ಮೇಲೆ ಕುಳಿತಿರುವರು.

ಶಾಲೆಯ ವರ್ಷಗಳಲ್ಲಿ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ನಿದರ್ಶನವಿದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಮೊದಲನೆಯ ವರ್ಷದಲ್ಲೊಮ್ಮೆ, ಪ್ರಾಥಮಿಕದ ಕೊನೆಯ ವರ್ಷದಲ್ಲೊಮ್ಮೆ ತೂಗುವ ಪದ್ಧತಿಯುಂಟು. ೨೦೨೩-೨೪ರಲ್ಲಿ ನಾಲ್ಕೈದು ವರ್ಷದವರಲ್ಲಿ ಸ್ಥೂಲರು ನೂರಕ್ಕೆ ೯.೬, ಹತ್ತು ಹನ್ನೊಂದು ವರ್ಷದವರಲ್ಲಿ ೨೨.೧. ಅಕ್ಷರ ಕಲಿಯುವ ಈ ಆರು ವರ್ಷಗಳಲ್ಲಿಯೇ ವ್ಯಾಧಿಯು ಇಮ್ಮಡಿಯಾಗುತ್ತದೆ. ಅವರು ಅದನ್ನು ತಡೆದಿರುವರೆಂದು ನಾವು ಹೇಳುವುದಿಲ್ಲ. ತೂಗಿ ತಿಳಿದುಕೊಂಡಿರುವರು, ಅಷ್ಟೇ.

ನಮ್ಮಲ್ಲಿ ಆ ತಿಳಿವಳಿಕೆಗೇ ಕೊರತೆ. ೨೦೧೩ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಪರೀಕ್ಷಿಸುವುದು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳನ್ನು. ಬಿಸಿಯೂಟವನ್ನುಂಡು, ಮೈಲಿ ನಡೆದು ಬರುವ ಮಗುವನ್ನು ತೂಗಿ ನೋಡುವರು. ವಾಹನದಲ್ಲಿ ಬಂದಿಳಿದು, ಪೊಟ್ಟಣದ ತಿಂಡಿಯನ್ನು ತಿಂದು, ಆಟದ ಬಯಲೇ ಇಲ್ಲದ ಕಟ್ಟಡದಲ್ಲಿ ಸಂಜೆಯವರೆಗೆ ಕುಳಿತಿರುವ ಖಾಸಗಿ ಶಾಲೆಯ ಮಗುವನ್ನು ತೂಗುವವರಿಲ್ಲ. ಈ ವ್ಯಾಧಿ ಹೆಚ್ಚಾಗಿರುವುದು ಪಟ್ಟಣದ ಉಳ್ಳವರ ಮನೆಗಳಲ್ಲಿಯೇ ಎಂಬುದನ್ನು ಬಲ್ಲ ಅಧಿಕಾರಿಗಳು ತಕ್ಕಡಿಯನ್ನು ಅಲ್ಲಿಗೆ ಒಯ್ಯದಿರುವುದು ವಿಚಿತ್ರವಲ್ಲವೆ? ಶುಲ್ಕವನ್ನು ವಸೂಲು ಮಾಡುವ ಶಾಲೆಗಳಿಗೆ ವರ್ಷಕ್ಕೆರಡು ಬಾರಿ ಮಕ್ಕಳ ಎತ್ತರ ತೂಕಗಳನ್ನು ಬರೆದಿಟ್ಟು ತಂದೆತಾಯಿಗಳಿಗೆ ತಿಳಿಸುವುದು ಭಾರವಾದ ಕಾರ್ಯವೇನೂ ಅಲ್ಲ. ಸರ್ಕಾರದವರು ಇದನ್ನು ಕಡ್ಡಾಯ ಮಾಡಬೇಕೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಆದರೆ ತರಗತಿಯ ಎದುರಿನಲ್ಲಿ ತೂಕವನ್ನು ಕೂಗಿ ಹೇಳಿ ಮಗುವನ್ನು ನಗೆಗೀಡುಮಾಡುವಂತಿಲ್ಲ. ಅಂಥ ಉಪಾಧ್ಯಾಯರನ್ನೂ ನಾವು ಕಂಡಿದ್ದೇವೆ.

ಕಾನೂನು ಇಲ್ಲದಿಲ್ಲ. ಕೊಬ್ಬು, ಸಕ್ಕರೆ, ಉಪ್ಪು ಅತಿಯಾಗಿರುವ ತಿನಿಸುಗಳನ್ನು ಶಾಲೆಯೊಳಗಾಗಲಿ, ಶಾಲೆಯ ಬಾಗಿಲಿನಿಂದ ೫೦ ಮೀಟರಿನೊಳಗಾಗಲಿ ಮಕ್ಕಳಿಗೆ ಮಾರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರದವರು ೨೦೨೦ರಲ್ಲಿಯೇ ನಿಯಮವನ್ನು ವಿಧಿಸಿದರು. ವಾಚಕರು ತಮ್ಮ ಬಡಾವಣೆಯ ಶಾಲೆಯ ಮುಂದೆ ಒಮ್ಮೆ ನಿಂತು ಹೆಜ್ಜೆಗಳನ್ನು ಎಣಿಸಿ ನೋಡಲಿ. ಸರ್ಕಾರದ ಎಡಗೈ ಮಾಡಿದುದನ್ನು ಬಲಗೈ ಅರಿಯದೆಂಬುದಕ್ಕೆ ಮತ್ತೊಂದು ಸಾಕ್ಷಿಯುಂಟು: ೨೦೨೫ರ ಸೆಪ್ಟೆಂಬರ್ ೨೨ರಿಂದ ಸಕ್ಕರೆ ಬೆರೆಸಿದ ಪಾನೀಯಗಳ ಮೇಲೆ ನೂರಕ್ಕೆ ೪೦ರ ತೆರಿಗೆಯನ್ನು ಹಾಕಿದವರೇ ಚಾಕೊಲೇಟು, ಬಿಸ್ಕತ್ತು, ಪೊಟ್ಟಣದ ಕುರುಕಲುಗಳ ಮೇಲಿನದನ್ನು ೫ಕ್ಕೆ ಇಳಿಸಿದರು. ಗೃಹಿಣಿಯರಿಗೆ ಇದರಿಂದ ಸಂತೋಷವಾಗಿರಬಹುದು. ಮಗುವಿನ ಕೈಯಲ್ಲಿರುವ ಹತ್ತು ರೂಪಾಯಿಗೂ ಬಲ ಬಂದಿತು.

ನಾವು ಓದಿದ ಪಾಠಶಾಲೆಯ ಬಾಗಿಲಲ್ಲಿ ಒಬ್ಬ ಅಜ್ಜಿ ಸೀಬೆಕಾಯಿ, ನೆಲ್ಲಿಕಾಯಿ, ಹುರಿದ ಕಡಲೆಕಾಯಿಗಳನ್ನು ಬುಟ್ಟಿಯಲ್ಲಿಟ್ಟು ಮಾರುತ್ತಿದ್ದಳು. ಅಂಥ ಬುಟ್ಟಿಯವರು ಇಂದಿಗೂ ಅಲ್ಲಲ್ಲಿ ಉಳಿದಿರುವರು. ೫೦ ಮೀಟರಿನ ನಿಯಮವನ್ನು ನಡೆಸಲು ಎಂದಾದರೂ ಪೌರಸಭೆಯವರು ಹೊರಟರೆ, ಮೊದಲು ಎತ್ತಂಗಡಿಯಾಗುವವರು ಇವರೇ ಎಂಬ ಭಯ ನಮಗಿದೆ. ಬಣ್ಣದ ಪೊಟ್ಟಣಗಳನ್ನು ತೋರಣ ಕಟ್ಟಿದ ಅಂಗಡಿಯವನು ಪರವಾನಗಿಯನ್ನು ತೋರಿಸಿ ಉಳಿದುಕೊಳ್ಳುವನು. ನಿಯಮವು ಸೀಬೆಕಾಯಿಯನ್ನು ನಿಷೇಧಿಸಿಲ್ಲ. ಅಳತೆಯ ಪಟ್ಟಿಯನ್ನು ಹಿಡಿದು ಬರುವ ಅಧಿಕಾರಿಗಳು ಶಾಲೆಯೊಳಗಿನ ಕ್ಯಾಂಟೀನಿನಿಂದಲೇ ಪ್ರಾರಂಭಿಸಿ, ಅನಂತರ ಬೀದಿಗೆ ಇಳಿಯಲಿ.