ಸತಿಯರಿಗೆ ಹಿತ ಹೇಳಿದ ವಿಧವೆ

ನಮ್ಮ ಮೊದಲ ತಲೆಮಾರಿನ ಲೇಖಕಿಯರನ್ನು ಸ್ತ್ರೀವಾದಿ ದೃಷ್ಟಿಯಿಂದ ಓದುವವರಲ್ಲಿ ನನಗೊಂದು ಅವಸರ ಕಾಣುತ್ತದೆ. ಕಥೆಯಲ್ಲಿ ಎಲ್ಲಾದರೂ ಪ್ರತಿಭಟನೆಯ ಮಾತು ಸಿಕ್ಕರೆ ಆಕೆ ‘ನಮ್ಮವಳು’, ಸಿಗದಿದ್ದರೆ ಸಂಪ್ರದಾಯಸ್ಥೆ. ಈ ಅಳತೆಗೋಲಿನಿಂದ ಹೆಚ್ಚು ಅನ್ಯಾಯಕ್ಕೊಳಗಾದವರು ನಂಜನಗೂಡು ತಿರುಮಲಾಂಬ (1887–1982) ಎಂಬುದು ನನ್ನ ಅಭಿಪ್ರಾಯ.

‘ಸುಶೀಲೆ’ಯನ್ನೇ ತೆಗೆದುಕೊಳ್ಳಿ. ಪಾತಿವ್ರತ್ಯ, ತಾಳ್ಮೆ, ಗೃಹಿಣೀಧರ್ಮಗಳನ್ನು ಎತ್ತಿಹಿಡಿಯುವ ಕಾದಂಬರಿ ಅದು. ಇಂದಿನ ಹೆಣ್ಣುಮಕ್ಕಳ ಕೈಗಿತ್ತರೆ ಅರ್ಧಕ್ಕೇ ಮುಚ್ಚಿಟ್ಟಾರು, ಅದು ಸಹಜವೇ. ಆದರೆ ಬರೆದವರು ಯಾರು? ಬಾಲ್ಯದಲ್ಲೇ ಮದುವೆಯಾಗಿ, ಹದಿನಾಲ್ಕರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡವರು. ಅಂದಿನ ಸಮಾಜದಲ್ಲಿ ಅಂಥ ಹೆಣ್ಣು ಶುಭಕಾರ್ಯಕ್ಕೆ ಹೊರಟವರ ಎದುರಿಗೂ ಬರುವಂತಿರಲಿಲ್ಲ. ಅದೇ ಹೆಣ್ಣು 1913ರಲ್ಲಿ ಗ್ರಂಥಮಾಲೆಯೊಂದನ್ನು ಆರಂಭಿಸಿ ಅದಕ್ಕೆ ‘ಸತೀಹಿತೈಷಿಣೀ’ ಎಂದು ಹೆಸರಿಟ್ಟರು! ಸುಮಂಗಲಿಯರ ಸಾಲಿನಿಂದ ಹೊರಗೆ ನಿಲ್ಲಿಸಲ್ಪಟ್ಟವರು ಆ ಸಾಲಿಗೇ ಹಿತ ಹೇಳುವ ಅಧಿಕಾರವನ್ನು ತಾವಾಗಿಯೇ ಕೈಗೆತ್ತಿಕೊಂಡರು. ಬರೆದದ್ದಷ್ಟೇ ಅಲ್ಲ, ಪ್ರಕಾಶಕಿಯಾದರು. ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯ ಸಂಪಾದಕಿಯಾದರು. ಪಾತಿವ್ರತ್ಯದ ಉಪದೇಶವಿಲ್ಲದೆ ಹೋಗಿದ್ದರೆ ಆ ಪುಸ್ತಕಗಳು ಎಷ್ಟು ಮನೆಗಳ ಒಳಕೋಣೆಯನ್ನು ಸೇರುತ್ತಿದ್ದವೋ ಯೋಚಿಸಬೇಕು.

ಹಾಗೆಂದು ಉಪದೇಶವೆಲ್ಲ ಬರಿಯ ಮುಸುಕು, ಅದರ ಹಿಂದೆ ಬಂಡಾಯಗಾರ್ತಿಯೊಬ್ಬಳು ಅವಿತಿದ್ದಳು ಎಂಬ ವಾದವನ್ನೂ ನಾನು ಒಪ್ಪಲಾರೆ. (ಈಚಿನ ಕೆಲವು ವಿಮರ್ಶಾ ಲೇಖನಗಳಲ್ಲಿ ಈ ಬಗೆಯ ಜಾಣತನ ಹೆಚ್ಚುತ್ತಿದೆ.) ತಿರುಮಲಾಂಬ ತಾವು ಬರೆದುದನ್ನು ಮನಸಾರೆ ನಂಬಿದ್ದರೆಂದೇ ತೋರುತ್ತದೆ. ಸಹನೆಯ ಆ ಆದರ್ಶಕ್ಕಾಗಿ ಬಾಳು ತೆತ್ತ ಹೆಣ್ಣುಮಕ್ಕಳನ್ನು ನಮ್ಮ ನಮ್ಮ ಮನೆತನಗಳಲ್ಲೇ ಕಂಡಿದ್ದೇವೆ. ಅದನ್ನು ಮರೆಸುವ ಓದು ಪ್ರಾಮಾಣಿಕವಲ್ಲ. ನಂಬಿಕೆ ಹಳೆಯದು, ನಡೆ ಹೊಸದು. ಇವೆರಡೂ ಒಂದೇ ಜೀವದಲ್ಲಿದ್ದವು.

ಕೊಡಗಿನ ಗೌರಮ್ಮನವರ (1912–1939) ವಿಷಯದಲ್ಲಿ ನಮಗೆ ಈ ತೊಡಕಿಲ್ಲ. ‘ಅಪರಾಧಿ ಯಾರು?’ ಎಂದು ಕಥೆಯ ಹೆಸರಿನಲ್ಲೇ ಪ್ರಶ್ನಿಸಿದವರು ಆಕೆ. ಎಳೆಯ ವಿಧವೆಯರ ಸಂಕಟವನ್ನು ಉಪದೇಶದ ಹಂಗಿಲ್ಲದೆ ಬರೆದರು. ಇಪ್ಪತ್ತೇಳು ತುಂಬುವ ಹೊತ್ತಿಗೆ ನೀರುಪಾಲಾದರು. ಅವರನ್ನು ಮೆಚ್ಚುವುದು ಸುಲಭ, ಮೆಚ್ಚಲೂಬೇಕು. ಆದರೆ ಗೌರಮ್ಮನವರು ಬರೆಯತೊಡಗುವ ವೇಳೆಗೆ ಹೆಣ್ಣು ಕನ್ನಡದಲ್ಲಿ ಕಥೆ ಬರೆದು ಅಚ್ಚು ಹಾಕಿಸುವುದು ಕಂಡು ಕೇಳರಿಯದ ಸಂಗತಿಯಾಗಿ ಉಳಿದಿರಲಿಲ್ಲ. ಆ ಹಾದಿ ತುಳಿದವರಲ್ಲಿ ನಂಜನಗೂಡಿನ ಹಿತೈಷಿಣಿಯೂ ಒಬ್ಬರು.

ಹಾದಿ ತುಳಿದವರು ಮಾತ್ರ ಬಾಳಿನ ಕೊನೆಯ ದಶಕಗಳನ್ನು ಸಾಹಿತ್ಯಲೋಕದ ಮರೆವಿನಲ್ಲೇ ಕಳೆದರು. ಚಿ.ನ. ಮಂಗಳಾ, ವಿಜಯಾ ದಬ್ಬೆ ಮುಂತಾದವರ ಶ್ರಮವಿಲ್ಲದಿದ್ದರೆ ನಾವು ಹೆಸರನ್ನೂ ಕೇಳುತ್ತಿರಲಿಲ್ಲವೇನೋ. ದಬ್ಬೆಯವರು ಸಂಪಾದಿಸಿದ ‘ಹಿತೈಷಿಣಿಯ ಹೆಜ್ಜೆಗಳು’ ಇಂದಿಗೂ ಓದತಕ್ಕ ಪುಸ್ತಕ.

ನನ್ನ ಶಿಷ್ಯರಲ್ಲಿ ಕೆಲವರು ಈಗ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳುತ್ತಿದ್ದೀರಿ. ಗೌರಮ್ಮನವರ ಒಂದು ಕಥೆಯ ಜೊತೆಗೆ ‘ಸುಶೀಲೆ’ಯ ಒಂದು ಅಧ್ಯಾಯವನ್ನೂ ತರಗತಿಯಲ್ಲಿ ಓದಿಸಿ ನೋಡಿ. ಇದನ್ನು ಬರೆದವರು ಒಬ್ಬ ಬಾಲವಿಧವೆ ಎಂಬುದನ್ನು ಓದು ಮುಗಿದ ಮೇಲೆ ಹೇಳಿ, ಮೊದಲೇ ಬೇಡ. ಮಕ್ಕಳು ಏನೆಂದರು ಎಂದು ನನಗೂ ಒಂದು ಸಾಲು ಬರೆಯಿರಿ.