ಒನಕೆಯನ್ನು ಹೊಗಳಿದೆವು, ಕಿಂಡಿಯನ್ನು ಮರೆತೆವು

ಕಳೆದ ರಾಜ್ಯೋತ್ಸವದ ಸಂಜೆ ಇಲ್ಲಿ ಮುಂಬಯಿಯಲ್ಲಿ ನಮ್ಮ ಸಂಘದ ವೇದಿಕೆಯ ಮೇಲೆ ಒನಕೆ ಓಬವ್ವನ ರೂಪಕವನ್ನು ಕಂಡೆ. ಹನ್ನೆರಡು ವರ್ಷದ ಬಾಲೆಯೊಬ್ಬಳು ವೀರಗಚ್ಚೆ ಹಾಕಿ, ಥರ್ಮೋಕೋಲಿನ ಬಂಡೆಯ ಪಕ್ಕದಲ್ಲಿ ನಿಂತು, ರಟ್ಟಿನ ಒನಕೆಯನ್ನೆತ್ತಿ ಗರ್ಜಿಸಿದಾಗ ಸಭಾಗೃಹ ಚಪ್ಪಾಳೆಯಿಂದ ತುಂಬಿತು. ನಾನೂ ಚಪ್ಪಾಳೆ ತಟ್ಟಿದೆ. ಅನಂತರ ಅಭಿನಂದಿಸಲೆಂದು ನೇಪಥ್ಯಕ್ಕೆ ಹೋದರೆ, ಆ ಮಗುವಿನ ಕೈಯಲ್ಲಿದ್ದ ಸಂಭಾಷಣೆಯ ಹಾಳೆ ದೇವನಾಗರಿ ಲಿಪಿಯಲ್ಲಿತ್ತು. "ಕನ್ನಡ ಓದಲು ಬರುವುದಿಲ್ಲವೇನಮ್ಮ?" ಎಂದು ಕೇಳಿದೆ. ಅವಳು ತಾಯಿಯ ಮುಖ ನೋಡಿದಳು. "ಕಲಿಸಬೇಕು ಸಾರ್, ಪುರುಸೊತ್ತೆಲ್ಲಿ?" ಎಂದರು ತಾಯಿ.

ಆ ತಾಯಿಯನ್ನು ದೂರಲು ನಾನು ಈ ಲೇಖನವನ್ನು ಬರೆಯುತ್ತಿಲ್ಲ. ಇತಿಹಾಸ, ಐತಿಹ್ಯಗಳಿಂದ ಪಾಠ ಕಲಿಯುವ ನಮ್ಮ ರೀತಿಯನ್ನೇ ನಾನು ಆಕ್ಷೇಪಿಸುತ್ತಿದ್ದೇನೆ.

ಓಬವ್ವನದು ಜನರ ನಾಲಗೆಯ ಮೇಲೆ ಬದುಕಿ ಬಂದ ಕಥೆ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಆ ಪಾತ್ರವನ್ನು ವಹಿಸಿದ ಮೇಲೆ ಅದು ಕನ್ನಡಿಗರ ಮನೆಮನೆಯನ್ನು ಮುಟ್ಟಿತು. 2021ರಿಂದ ಕರ್ನಾಟಕ ಸರಕಾರವು ನವೆಂಬರ್ 11ರಂದು ಆಕೆಯ ಜಯಂತಿಯನ್ನು ಆಚರಿಸುತ್ತಿದೆ. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ನಮ್ಮ ರೂಪಕಗಳು ಆ ಕಥೆಯ ಮೂರು ಸಂಗತಿಗಳನ್ನು ಪ್ರತಿ ವರ್ಷವೂ ಹಾರಿಸಿಬಿಡುತ್ತವೆ.

ಮೊದಲನೆಯದು ಕಿಂಡಿ. ಹೈದರಾಲಿಯ ಸೈನ್ಯವು ಚಿತ್ರದುರ್ಗದ ಮಹಾದ್ವಾರಗಳನ್ನು ಒಡೆದು ಒಳಗೆ ಬರಲು ಹವಣಿಸಿದ ಕಥೆ ಇದಲ್ಲ. ಬಂಡೆಗಳ ನಡುವಿನ ಸಣ್ಣ ಸಂದಿಯಲ್ಲಿ ಯಾರೋ ಒಳಗೆ ನುಸುಳಿದ್ದನ್ನು ಕಂಡು ಶತ್ರುಗಳು ಆ ದಾರಿಯನ್ನು ಅರಿತರೆಂದು ಹೇಳುತ್ತಾರೆ. ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ ಅಲ್ಲಿ ಬೇರೊಬ್ಬರಿರಲಿಲ್ಲ. ಏಳು ಸುತ್ತಿನ ಕೋಟೆಯ ಅಳಿವು ಉಳಿವು ಒಬ್ಬನ ಊಟದ ವೇಳೆಯನ್ನು ಅವಲಂಬಿಸಿತ್ತು!

ಎರಡನೆಯದು ಒನಕೆ. ಅದು ಆಯುಧಶಾಲೆಯಿಂದ ಬಂದುದಲ್ಲ. ನಿತ್ಯವೂ ಭತ್ತ ಕುಟ್ಟುವ ಕೈಗೆ ಪಳಗಿದ್ದ ವಸ್ತು ಅದು; ಆದುದರಿಂದಲೇ ಆಪತ್ತಿನ ಗಳಿಗೆಯಲ್ಲಿ ಕೈಗೆ ಒದಗಿತು. ವರ್ಷಕ್ಕೊಮ್ಮೆ ಹೊರತೆಗೆದು ಪೂಜಿಸುವ ಖಡ್ಗವಾಗಿದ್ದರೆ ಆಕೆ ಅದನ್ನು ಬೀಸಬಲ್ಲವಳಾಗಿದ್ದಳೇ?

ಮೂರನೆಯದನ್ನು ಹೇಳಲು ನಮಗೆ ನಾಚಿಕೆ. ಓಬವ್ವನ ಸಾಹಸದ ಬಳಿಕವೂ ದುರ್ಗ ಉಳಿಯಲಿಲ್ಲ. 1779ರಲ್ಲಿ ಅದು ಹೈದರನ ವಶವಾಯಿತು. ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ತ.ರಾ.ಸು. ಅವರು ಆ ಪತನವನ್ನು ಕುರಿತು ಬರೆದ ಕಾದಂಬರಿಗೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಹೆಸರು 'ದುರ್ಗಾಸ್ತಮಾನ'. ನಮ್ಮ ವೇದಿಕೆಗಳಲ್ಲಿ ಮಾತ್ರ ಅಸ್ತಮಾನವೇ ಆಗುವುದಿಲ್ಲ. ಕಡೆಯ ಶತ್ರು ಉರುಳಿದೊಡನೆ ತೆರೆ ಬೀಳುತ್ತದೆ, ಊಟದ ಪಂಕ್ತಿ ಏಳುತ್ತದೆ.

ಈ ಮೂರನ್ನೂ ಕೂಡಿಸಿ ನೋಡಿದರೆ ಹೊರನಾಡಿನಲ್ಲಿರುವ ನಮಗೆ ಬೇಕಾದ ಪಾಠ ಸಿಗುತ್ತದೆ. ಮರಾಠಿಯಾಗಲಿ ಹಿಂದಿಯಾಗಲಿ ನಮ್ಮ ಮೇಲೆ ದಂಡೆತ್ತಿ ಬಂದಿಲ್ಲ. ಅವು ನಮಗೆ ಅನ್ನ ಕೊಟ್ಟ ನೆಲದ, ನೆರೆಹೊರೆಯ ಭಾಷೆಗಳು; ಅವನ್ನು ಕಲಿಯುವುದು ನಮ್ಮ ಕರ್ತವ್ಯ. ಕನ್ನಡ ನಮ್ಮ ಮನೆಯಿಂದ ಸೋರಿಹೋಗುತ್ತಿರುವುದು ನಾವೇ ತೆರೆದಿಟ್ಟ ಕಿಂಡಿಯಿಂದ. ನನ್ನ ಮೊಮ್ಮಗ "ಅಜ್ಜಾ, ಪಾನೀ" ಎಂದಾಗ ನಾನು ನೀರು ಕೊಟ್ಟೆನೇ ಹೊರತು 'ನೀರು' ಎಂಬ ಮಾತನ್ನು ಕೊಡಲಿಲ್ಲ. ಆ ಕಿಂಡಿಯ ಕಾವಲು ನನ್ನದಾಗಿತ್ತು.

ಸಂಘದ ಸಂಗತಿಯೂ ಇದೇ. ನಮ್ಮ ಭಾನುವಾರದ ಕನ್ನಡ ತರಗತಿ ಮಕ್ಕಳಿಲ್ಲವೆಂಬ ಕಾರಣದಿಂದ ನಿಂತು ಮೂರು ವರ್ಷಗಳಾದವು. ಆ ಕೊಠಡಿಯಲ್ಲಿ ಈಗ ಕಿರೀಟ, ಗದೆ, ರಟ್ಟಿನ ಒನಕೆಗಳನ್ನು ಪೇರಿಸಿಟ್ಟಿದ್ದೇವೆ.

ಇಂಥ ರೂಪಕಗಳಿಂದಲೇ ಮಕ್ಕಳಲ್ಲಿ ಅಭಿಮಾನ ಮೂಡುತ್ತದೆಂದು ಸಮಿತಿಯ ಮಿತ್ರರು ಹೇಳುತ್ತಾರೆ. ಮೂಡಬಹುದು. ಆದರೆ ಓದಲು ಬಾರದ ಭಾಷೆಯ ಮೇಲಿನ ಅಭಿಮಾನ ಎಷ್ಟು ದಿನ ಬಾಳೀತು? ಇದೇ ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತ ಹುಡುಗರ ಒಂದು ತಲೆಮಾರೇ ಇತ್ತು. ಅವರಿಗೆ ಪುರುಸೊತ್ತು ಇತ್ತೇ? ಈ ನಗರದಲ್ಲಿ ಕನ್ನಡ ಪತ್ರಿಕೆಗಳಿಗೂ ಸಂಘಗಳಿಗೂ ಓದುಗರಾಗಿ, ಕಾರ್ಯಕರ್ತರಾಗಿ ಒದಗಿದವರಲ್ಲಿ ಅವರೂ ಇದ್ದರು. ಆ ರಾತ್ರಿಶಾಲೆಯೇ ಅವರ ಒನಕೆ.

ರೂಪಕವನ್ನು ನಿಲ್ಲಿಸಿರೆಂದು ನಾನು ಕೇಳುತ್ತಿಲ್ಲ. ಮುಂದಿನ ರಾಜ್ಯೋತ್ಸವದಲ್ಲಿ ಪಾತ್ರ ವಹಿಸುವ ಪ್ರತಿ ಮಗುವೂ ತನ್ನ ಮಾತನ್ನು ಕನ್ನಡ ಲಿಪಿಯಲ್ಲೇ ಓದಿ ಕಲಿಯಲಿ. ಒಂದು ವರ್ಷ ಬಾಡಿಗೆಯ ರಂಗಸಜ್ಜಿಕೆಯನ್ನು ಬಿಟ್ಟು ಆ ಹಣವನ್ನು ತರಗತಿಗೆ ಕೊಡೋಣ. ಆ ಕೊಠಡಿಯನ್ನು ತೆರವು ಮಾಡೋಣ. ಕಲಿಸಲು ಯಾರೂ ಸಿಗುವುದಿಲ್ಲವೆಂಬ ಉತ್ತರ ನನಗೆ ಗೊತ್ತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಬರುತ್ತೇನೆ. ನನ್ನ ಮೊಮ್ಮಗನನ್ನು ಕರೆತಂದು ಮೊದಲ ಬೆಂಚಿನಲ್ಲಿ ಕೂರಿಸುತ್ತೇನೆ. ಈ ಸೂಚನೆಯನ್ನು ಬರುವ ಮಹಾಸಭೆಯಲ್ಲಿ ಮಂಡಿಸುವವನಿದ್ದೇನೆ. ಒಪ್ಪದವರು ಅಲ್ಲಿಗೆ ಬಂದು ವಾದಿಸಲಿ. ಬರುವಾಗ ತಮ್ಮ ಮಕ್ಕಳನ್ನೂ ಜೊತೆಗೆ ಕರೆತರಲಿ.