ಫಿಲ್ಮಿನ ಪಾಠ ತಿರುಗಿಸಿ ಓದಿ

ಫಿಲ್ಮಿನಲ್ಲಿ ಕೈ ಪಳಗಿದವರಿಗೆ ಒಂದು ಮಾತು ಬಾಯಿಪಾಠ: ನೆರಳಿಗೆ ತಕ್ಕಷ್ಟು ಬೆಳಕು ಕೊಡಿ. ನೆಗೆಟಿವ್‌ಗೆ ಅದು ಸರಿಯೇ. ಬೆಳಕು ಸ್ವಲ್ಪ ಹೆಚ್ಚಾದರೂ ಅದು ಸಹಿಸಿಕೊಳ್ಳುತ್ತದೆ.

2012ರಲ್ಲಿ ಬಂದ ಲೈಕಾ ಎಂ ಮೊನೊಕ್ರೋಮ್‌ನಂಥ ಕಪ್ಪು-ಬಿಳುಪು ಡಿಜಿಟಲ್ ಕ್ಯಾಮೆರಾಕ್ಕೆ ಇದೇ ಪಾಠವನ್ನು ತಿರುಗಿಸಿ ಓದಬೇಕು. ಅದರ ಸೆನ್ಸರ್ ಮೇಲೆ ಬಣ್ಣದ ಫಿಲ್ಟರ್ ಇಲ್ಲ. ಬಿಳುಪು ಒಮ್ಮೆ ಸುಟ್ಟುಹೋದರೆ ಬೇರೆ ಬಣ್ಣದ ಚಾನೆಲ್‌ನಿಂದ ವಿವರ ಎರವಲು ತರುವಂತಿಲ್ಲ. ನೆರಳನ್ನಾದರೆ ಆಮೇಲೆ ಸಾಕಷ್ಟು ಎತ್ತಬಹುದು.

ನಮ್ಮ ಕಾಸರಗೋಡಿನ ಕಡೆ ಬಿಳಿ ಮುಂಡು ಉಟ್ಟ ಅಜ್ಜರೊಬ್ಬರು ಬಿಸಿಲಲ್ಲಿ ನಿಂತಿದ್ದಾರೆ, ಹಿಂದೆ ಕತ್ತಲಂಥ ಅಡಿಕೆ ತೋಟ ಅನ್ನಿ. ಮೀಟರ್ ತೋಟ ನೋಡಿ ಹೆಚ್ಚು ಬೆಳಕು ಕೇಳುತ್ತದೆ. ಕೊಡಬೇಡಿ. ಒಂದು ಸ್ಟಾಪ್ ಇಳಿಸಿ, ಹಿಸ್ಟೋಗ್ರಾಮ್‌ನ ಬಲತುದಿ ನೋಡಿ. ಮುಂಡಿನ ಮಡಿಕೆ ಉಳಿದರೆ ಚಿತ್ರ ಉಳಿದಂತೆ.

ಫಿಲ್ಮಿನ ಕಲಿಕೆ ವ್ಯರ್ಥವಲ್ಲ ಕಣ್ರೀ. ಏನನ್ನು ಉಳಿಸಬೇಕೆಂದು ಮೊದಲೇ ಯೋಚಿಸಲು ಕಲಿಸಿದ್ದು ಅದೇ ಅಲ್ವೇ?